ನಾಲಿಗೆ ಮಡಿಸುವ ಪಾಠ

ಬೆಳಿಗ್ಗೆ ಎಂಟಕ್ಕೆ ನಾಲಿಗೆ ಮಡಿಸುವ ಪಾಠ.
ಕೈಗನ್ನಡಿ ಹಿಡಿದು, ಬಾಯಿ ಕಳೆದು,
ಮೂವತ್ತೆಂಟರ ವಯಸ್ಸಿನಲ್ಲಿ ನಾನು
ನಾಲಿಗೆಯ ತುದಿಯನ್ನು ಅಂಗುಳಿಗೆ ಏರಿಸುತ್ತೇನೆ:
ಳ ಅನ್ನಲು ಹೋದರೆ ಲ,
ಣ ಅನ್ನಲು ಹೋದರೆ ಬರೀ ಉಗುಳು.
ಪಕ್ಕದಲ್ಲಿ ವೆಂಡೆಲ್,
ನೆಬ್ರಾಸ್ಕಾದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವನು,
ಪೆನ್ಸಿಲ್ ಕಚ್ಚಿಕೊಂಡು ಕಪ್ಪೆಯಂತೆ ಗಂಟಲುಬ್ಬಿಸುತ್ತಾನೆ.
ಐದು ವರ್ಷದ ಜೋನಾ ಕಿಟಕಿಯಾಚೆ ನಿಂತು
ಕೇಳಿದ್ದನ್ನೆಲ್ಲ ಒಂದೇ ಸಲಕ್ಕೆ ಅಂದು ಓಡಿಹೋಗುತ್ತಾನೆ.
ಟ್ಯಾಬಿತಾ ಮಾತ್ರ ಬಾಯಿ ಬಿಡುವುದಿಲ್ಲ,
ಯಾವ ಭಾಷೆಯಲ್ಲೂ.

ಮಿಸ್ಸೂರಿಯ ಈ ಬೆಟ್ಟದಲ್ಲಿ ಯಾವುದೂ ನಮ್ಮದಲ್ಲ.
ಸೋಫಾ ಯಾವುದೋ ಚರ್ಚಿನವರು ಕೊಟ್ಟದ್ದು,
ಬಾಣಲೆ ಬಿಟ್ಟುಹೋದವರು ಈಗ ಪಪುವಾದ ನದಿಯೊಂದರ ದಡದಲ್ಲಿ;
ಹಿಡಿಗೆ ಅವರು ಸುತ್ತಿದ ಟೇಪು ಇನ್ನೂ ಅಂಟಂಟು.
ಮನೆ ಮಾರಿದೆವು, ಪಿಕಪ್ ಮಾರಿದೆವು,
ನಾಯಿಯನ್ನು ಮಾರಲಿಲ್ಲ, ಅತ್ತಿಗೆಗೆ ಕೊಟ್ಟೆವು.
ಟ್ಯಾಬಿಯ ಲೆಕ್ಕದಲ್ಲಿ ಅದೂ ಮಾರಿದ ಹಾಗೇ.
ನಲವತ್ತೊಂದು ಮನೆಗಳ ಫ್ರಿಜ್ಜುಗಳ ಮೇಲೆ
ಅಯಸ್ಕಾಂತಕ್ಕೆ ಸಿಕ್ಕಿಕೊಂಡು ನಗುತ್ತಿದ್ದೇವೆ ನಾಲ್ವರೂ.
ಹಾಲು ತೆಗೆಯುವಾಗೆಲ್ಲ ಯಾರೋ ನಮಗಾಗಿ ಪ್ರಾರ್ಥಿಸುತ್ತಾರಂತೆ.
ಆ ಫೋಟೋದಲ್ಲಿ ಟ್ಯಾಬಿಯ ಹಲ್ಲು ಕಾಣುತ್ತದೆ,
ಹದಿನಾಲ್ಕು ತಿಂಗಳ ಹಿಂದಿನದು.

ಮಂಗಳವಾರ ಫಾರಂ ತುಂಬುವ ದಿನ.
ರಕ್ತದ ಗುಂಪು. ಅಲರ್ಜಿ.
ನೀವಿಬ್ಬರೂ ತೀರಿಕೊಂಡರೆ ಮಕ್ಕಳು ಯಾರ ಪಾಲು?
ವೆಂಡೆಲ್ ಅವನ ಅಣ್ಣನ ಹೆಸರು ಬರೆದ, ನಾನು ನನ್ನ ತಂಗಿಯದು.
ಇದ್ದದ್ದು ಒಂದೇ ಗೆರೆ.
ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ತೂತಾಯಿತು.
ಆಮೇಲೆ ಕೈ ಹಿಡಿದು ಪ್ರಾರ್ಥಿಸಿದೆವು.
ತೂತು ಹಾಗೇ ಇತ್ತು.

ಕೊನೆಗೆ ಆರು ವಾರ, ಕಾಡಿನ ಗುಡಿಸಲು.
ನಲ್ಲಿಯಿಲ್ಲ, ಕರೆಂಟಿಲ್ಲ. ಸೌದೆ ಒಲೆಯಲ್ಲಿ ನನ್ನ ಬ್ರೆಡ್ಡು
ಹೊರಗೆ ಇದ್ದಿಲು, ಒಳಗೆ ಹಿಟ್ಟು.
ಜೋನಾನ ಕಿವಿಯ ಹಿಂದಿನ ಉಣ್ಣಿ ಕಿತ್ತರೆ
ಅದಕ್ಕೆ ಗೊಲ್ಯಾತನೆಂದು ಹೆಸರಿಟ್ಟು ಕಲ್ಲಿನಿಂದ ಜಜ್ಜುತ್ತಾನೆ.

ಶನಿವಾರ ನಾಟಕ.
ಮೂವತ್ತೊಂದು ವರ್ಷ ಹೊರದೇಶದಲ್ಲಿದ್ದು ಬಂದ ಮುದುಕ ಆರ್ವಿಲ್
ಊರ ಹಿರಿಯನ ಪಾತ್ರದಲ್ಲಿ.
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ನಾವೊಯ್ದ ಉಪ್ಪಿನ ಪೊಟ್ಟಣ ಮುಟ್ಟದೆ ಕೇಳಿದ:
"ಯಾರು ಕರೆದರು ನಿಮ್ಮನ್ನು?"
ವೆಂಡೆಲ್ ಗಂಟಲು ಸರಿಮಾಡಿಕೊಂಡ.
ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸಿದ್ಧ.
ಚರ್ಚು ಚರ್ಚಿಗೂ ಹೋಗಿ ಹೇಳಿದ್ದೇವೆ, ಸ್ಲೈಡುಗಳ ಸಮೇತ:
ಆ ಕೊಯ್ಲಿನ ಸಂಜೆ, ಆ ಗಾಳಿ, ಆ ಕರೆ.
ಅವನು ಬಾಯಿ ತೆರೆಯುವ ಮುಂಚೆ
ಹಿಂದಿನಿಂದ, ಗುಡಿಸಲಿಗೆ ಬಂದಮೇಲೆ ಮೊದಲ ಸಲ, ಟ್ಯಾಬಿ:
"ನನ್ನನ್ನಂತೂ ಯಾರೂ ಕರೆಯಲಿಲ್ಲ."

ಆರ್ವಿಲ್ ಪಾತ್ರ ಬಿಟ್ಟ. ಟೋಪಿ ತೆಗೆದ.
"ನನ್ನ ಮಗಳೂ ಹೀಗೇ ಅಂದಿದ್ದಳು" ಅಂದ,
"ನನಗದು ಕೇಳಿಸಿದ್ದು
ಅವಳು ನನ್ನನ್ನು ಮದುವೆಗೆ ಕರೆಯದೆ ಇದ್ದಾಗ."

ವಾಪಸು ಬರುವಾಗ ಉಪ್ಪನ್ನು ವೆಂಡೆಲನೇ ಹೊತ್ತ.

ಪಾಠದಲ್ಲಿ ಹೇಳಿಕೊಡುತ್ತಾರೆ:
ಅರ್ಥ ಕೇಳಬೇಡಿ, ಮೊದಲು ಕೇಳಿಸಿಕೊಳ್ಳಿ,
ಕಿವಿಗೆ ಬಿದ್ದಷ್ಟನ್ನೇ ಬರೆದುಕೊಳ್ಳಿ.
ದೀಪ ಹಚ್ಚಿ ನೋಟುಪುಸ್ತಕ ತೆರೆದೆ.
ಅವಳ ಮೂರೇ ಮೂರು ಪದ,
ಏರು ಎಲ್ಲಿ, ಇಳಿತ ಎಲ್ಲಿ, ಉಸಿರು ಎಲ್ಲಿ ಹಿಡಿದಳು.
ಅರ್ಥದ ಕಾಲಂ ಖಾಲಿ ಬಿಟ್ಟೆ.

ಅವಳು ಸೀಡರ್ ಮರಗಳ ಕಡೆ ಹೋಗಿದ್ದಳು.
ಮೆಟ್ಟಿಲ ಮೇಲೆ ನಿಂತು ಕೂಗಿದೆ,
ಮಾರಿದ ಮನೆಯ ಹಿತ್ತಿಲಲ್ಲಿ ಕೂಗುತ್ತಿದ್ದ ಹಾಗೆ,
ಪೂರ್ತಿ ಹೆಸರು: ಟ್ಯಾಬಿತಾ ರೋಸ್!
ಕಾಡೊಳಗೆ ಯಾವುದೋ ಹಕ್ಕಿ ತನ್ನ ಹೆಸರನ್ನೇ ಕೂಗಿಕೊಳ್ಳುತ್ತಿತ್ತು.
ಬಹಳ ಹೊತ್ತು.
ಆಮೇಲೆ ತರಗೆಲೆಯ ಸದ್ದು.

ಬಂದಳು. ಬ್ರೆಡ್ಡಿನ ಕಪ್ಪನ್ನು ಚಾಕುವಿನಿಂದ ಕೆರೆದು ತಿಂದಳು.
ಊಟಕ್ಕೆ ಬಂದದ್ದು, ಅಷ್ಟೆ.
ನಾನೂ ಊಟಕ್ಕೇ ಕರೆದಿದ್ದೆ.